ಅಂಗಾಲಿಗೆ ನೆಲ ತಾಗಲಿ

ನಿಮ್ಮ ಅಂಗಾಲು ಬರಿ ಮಣ್ಣನ್ನು ಮುಟ್ಟಿ ಎಷ್ಟು ದಿನವಾಯಿತು? ಹೊರಗೆ ಹೋಗಲು ಬೂಟು, ಹಿತ್ತಲಿಗೆ ಹವಾಯಿ ಚಪ್ಪಲಿ, ಕೆಲವರಿಗೆ ಮನೆಯೊಳಗೂ ಒಂದು ಜೊತೆ. ನಮ್ಮ ಅಜ್ಜ ಅಜ್ಜಿಯರು ಹೊಲಕ್ಕೂ ಸಂತೆಗೂ ದೇವಾಲಯಕ್ಕೂ ಬರಿಗಾಲಿನಲ್ಲೇ ನಡೆದವರು. ಈಗ ತಪಸ್ಸುಕಾಲ ಬಂದಾಗ, ಇಲ್ಲವೇ ವೇಳಾಂಕಣಿ ಮಾತೆಗೆ ಹರಕೆ ಹೊತ್ತಾಗ ಮಾತ್ರ ಕೆಲವರು ಚಪ್ಪಲಿ ಬಿಡುತ್ತಾರೆ. ದಿನನಿತ್ಯವೂ ಸ್ವಲ್ಪ ಹೊತ್ತು ಹಾಗೆ ನಡೆಯಬಾರದೇ? ನಡೆಯಬಹುದು. ಆದರೆ ಏಕೆ, ಎಲ್ಲಿ, ಯಾರು ಎಂಬುದನ್ನು ಮೊದಲು ಯೋಚಿಸೋಣ.

ಉರಿಯುವ ಪೊದೆಯ ಮುಂದೆ ಮೋಶೆ ಪಾದರಕ್ಷೆ ತೆಗೆದದ್ದು ನಮಗೆಲ್ಲ ಗೊತ್ತು. ಅದು ದೇವಾಲಯವಲ್ಲ, ಕುರಿ ಮೇಯಿಸುತ್ತಾ ಬಂದ ಜಾಗ. ಮಗ ಅಬ್ಷಾಲೋಮನೇ ತಿರುಗಿಬಿದ್ದಾಗ ದಾವೀದ ಅರಸ ಅಳುತ್ತಾ ಓಲಿವ್ ಗುಡ್ಡವನ್ನು ಬರಿಗಾಲಿನಲ್ಲಿ ಹತ್ತಿದ. ಇವೆರಡನ್ನೂ ನೆನೆಯುವ ನಾವು ಲೂಕನ ಶುಭಸಂದೇಶದ 15ನೇ ಅಧ್ಯಾಯವನ್ನು ಮರೆಯುತ್ತೇವೆ. ದಾರಿತಪ್ಪಿ ಹಿಂತಿರುಗಿದ ಮಗನ ಕಾಲಿಗೆ ತಂದೆ ಮೆಟ್ಟು ತೊಡಿಸುತ್ತಾನೆ! ಬರಿಗಾಲು ಆಳಿನದು, ಮೆಟ್ಟು ಮಗನದು. ನಮ್ಮ ಹಳ್ಳಿಗಳಲ್ಲೂ ಮೇಲ್ಜಾತಿಯವರ ಬೀದಿ ಬಂದರೆ ದಲಿತರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗುತ್ತಿತ್ತು. ಆ ಬರಿಗಾಲಿನಲ್ಲಿ ಭಕ್ತಿ ಇರಲಿಲ್ಲ, ಅವಮಾನವಿತ್ತು. ಅಜ್ಜಿಯರ ಬರಿಗಾಲು ಕೂಡ ಬಹುಪಾಲು ಬಡತನದ್ದೇ.

ತಾವಾಗಿ ಕಳಚಿದವರ ಮಾತು ಬೇರೆ. ಅಸ್ಸಿಸಿಯ ಸಂತ ಫ್ರಾನ್ಸಿಸರು ಬಟ್ಟೆ ವ್ಯಾಪಾರಿಯ ಮಗ. ಯೇಸುಸ್ವಾಮಿ ಪ್ರೇಷಿತರನ್ನು ಕಳುಹಿಸಿದ ಶುಭಸಂದೇಶದ ಭಾಗವನ್ನು ಬಲಿಪೂಜೆಯಲ್ಲಿ ಕೇಳಿದವರೇ ಜೋಡು ಬಿಚ್ಚಿಟ್ಟರು. ಆವಿಲಾದ ಸಂತ ತೆರೇಸಾ 1562ರಲ್ಲಿ ಆರಂಭಿಸಿದ ಕಾರ್ಮೆಲ್ ಸುಧಾರಣೆಗೆ ‘ಪಾದರಕ್ಷೆ ಇಲ್ಲದವರು’ ಎಂಬ ಹೆಸರೇ ಬಂತು. ಆದರೂ ಆ ಕನ್ಯಾಸ್ತ್ರೀಯರು ಹಗ್ಗದ ಮೆಟ್ಟು ತೊಡುತ್ತಿದ್ದರು. ತೆರೇಸಮ್ಮನವರು ವ್ಯವಹಾರ ಬಲ್ಲವರು. ಭಾರತದ ಧರ್ಮಸಭೆಗೆ 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟ ಹನ್ನೆರಡು ಹೊಂದಾಣಿಕೆಗಳಲ್ಲಿ ಪೂಜೆಯ ಸಮಯ ಪಾದರಕ್ಷೆ ಕಳಚುವುದೂ ಸೇರಿದೆ.

ಇನ್ನು ದೇಹದ ಮಾತು. ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಸಂತ ಡೇಮಿಯನ್ನರು 1884ರಲ್ಲಿ ಒಂದು ದಿನ ಕಾಲನ್ನು ಬಿಸಿನೀರಿನಲ್ಲಿ ಇಟ್ಟರು. ಚರ್ಮ ಬೆಂದು ಬೊಬ್ಬೆ ಎದ್ದಿತು, ನೋವು ಮಾತ್ರ ಆಗಲಿಲ್ಲ. ತಮಗೂ ರೋಗ ತಗುಲಿದೆ ಎಂದು ಅವರಿಗೆ ಖಾತ್ರಿಯಾದದ್ದು ಹಾಗೆ. ನೋವು ತಿಳಿಯುವುದೂ ಒಂದು ವರ. ಬಹುಕಾಲ ಸಕ್ಕರೆ ಕಾಯಿಲೆ ಇರುವವರ ಕಾಲೂ ಹೀಗೆ ಜೋಮು ಹಿಡಿಯುತ್ತದೆ. ಮುಳ್ಳು ಚುಚ್ಚಿದ್ದು, ಟಾರು ರಸ್ತೆಯ ಕಾವಿಗೆ ಸುಟ್ಟದ್ದು ತಿಳಿಯದೆ ಹುಣ್ಣಾಗಿ, ಕಡೆಗೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದೀತು. ಅಂಥವರು ಮನೆಯೊಳಗೂ ಮೆತ್ತನೆಯ ಎಂ.ಸಿ.ಆರ್. ಚಪ್ಪಲಿ ಬಿಡಬಾರದು.

ಉಳಿದವರು ಮನೆಯಿಂದಲೇ ಆರಂಭಿಸಿ. ಬೆಳಿಗ್ಗೆ ಗುಡಿಸಿದ ಅಂಗಳದಲ್ಲಿ ಹತ್ತು ನಿಮಿಷ ಜಪಸರ ಹಿಡಿದು ನಡೆಯಿರಿ. ಜೋಡಿನೊಳಗೆ ಸುಮ್ಮನಿದ್ದ ಪಾದದ ಸಣ್ಣ ಸ್ನಾಯುಗಳಿಗೆ ಕೆಲಸ ಸಿಗುತ್ತದೆ. ಅಭ್ಯಾಸ ತಪ್ಪಿದ ಕಾಲನ್ನು ಅವಸರದಿಂದ ದಣಿಸಬೇಡಿ. ಬಯಲು ಶೌಚದ ಜಾಗಗಳಲ್ಲಿ ಮಾತ್ರ ಮಕ್ಕಳನ್ನು ಬರಿಗಾಲಿನಲ್ಲಿ ಬಿಡಬೇಡಿ. ಕೊಕ್ಕೆಹುಳುವಿನ ಮರಿಗಳು ಚರ್ಮದ ಮೂಲಕವೇ ಒಳಹೊಕ್ಕು ರಕ್ತಹೀನತೆ ತರುತ್ತವೆ.

ಹರಕೆ ಹೊತ್ತಾಗಿದೆ, ಈಗ ಸಕ್ಕರೆ ಕಾಯಿಲೆ ಎನ್ನುವಿರಾ? ಹೆದರಬೇಡಿ. ಖಾಸಗಿ ಹರಕೆಯಿಂದ ನ್ಯಾಯವಾದ ಕಾರಣಕ್ಕೆ ವಿನಾಯಿತಿ ಕೊಡುವ ಅಧಿಕಾರ ವಿಚಾರಣೆ ಗುರುಗಳಿಗೆ ಇದೆ (ಧರ್ಮಸಭೆಯ ಕಾನೂನು ಸಂಹಿತೆ, 1196). ಅದನ್ನು ಅಷ್ಟೇ ಒಳ್ಳೆಯ ಬೇರೊಂದು ಕಾರ್ಯಕ್ಕೆ ಬದಲಿಸಿಕೊಳ್ಳಲು ಹರಕೆ ಹೊತ್ತವರಿಗೇ ಅವಕಾಶವಿದೆ. ಬರಿಗಾಲಿನಲ್ಲಿ ಶಾಲೆಗೆ ಹೋಗುವ ಮಗುವೊಂದಕ್ಕೆ ಚಪ್ಪಲಿ ಕೊಡಿಸಬಹುದಲ್ಲ!

ಪವಿತ್ರ ಗುರುವಾರ ದೇವಾಲಯದಲ್ಲಿ ಗುರುಗಳು ಪಾದ ತೊಳೆಯುವುದನ್ನು ನೋಡಿ ಬಂದ ರಾತ್ರಿ, ಮನೆಯಲ್ಲಿ ಅಪ್ಪನ ಕಾಲನ್ನು ನೀವು ತೊಳೆಯಿರಿ. ನೀರು ಉಗುರುಬೆಚ್ಚಗಿರಲಿ, ಮೊದಲು ನಿಮ್ಮ ಮೊಣಕೈ ಅದ್ದಿ ನೋಡಿ. ಒರೆಸಿದ ಮೇಲೆ ಅಂಗಾಲನ್ನೂ ಬೆರಳ ಸಂದುಗಳನ್ನೂ ಬೆಳಕಿಗೆ ಹಿಡಿದು, ಅವರಿಗೆ ತಿಳಿಯದ ಗಾಯ ಇದೆಯೇ ಎಂದು ನೋಡಿ.