ಗೆಳತಿ ಪ್ರೊಫೆಸರ್, ನಾನು ಇನ್ನೂ ಅತಿಥಿ ಉಪನ್ಯಾಸಕಿ

ಪ್ರಶ್ನೆ: ನನಗೆ 53 ವರ್ಷ. 1995ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದೆ. ತರಗತಿಯಲ್ಲಿ ನಾನೇ ಮುಂದಿದ್ದೆ. ಮದುವೆ, ಮಕ್ಕಳು, ಅತ್ತೆಯವರ ಕಾಯಿಲೆ ಅಂತ ಪಿಎಚ್.ಡಿ. ಅರ್ಧಕ್ಕೇ ನಿಂತಿತು. ಇಪ್ಪತ್ತು ವರ್ಷಗಳಿಂದ ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹೋದ ತಿಂಗಳು ನಮ್ಮ ಕಾಲೇಜಿಗೆ ವಿಶ್ವವಿದ್ಯಾಲಯದ ಸ್ಥಳೀಯ ವಿಚಾರಣಾ ಸಮಿತಿ (ಎಲ್‌ಐಸಿ) ಬಂದಿತ್ತು. ಅದರಲ್ಲಿ ನನ್ನ ಹಾಸ್ಟೆಲ್ ರೂಮ್‌ಮೇಟ್ ಇದ್ದಳು. ಈಗ ಪ್ರೊಫೆಸರ್. ಪ್ರಾಂಶುಪಾಲರು ನನ್ನ ಕಡೆ ಕೈ ತೋರಿಸಿ ‘ಇವರು ನಮ್ಮ ಗೆಸ್ಟು’ ಅಂದರು. ಅವಳು ಕೈ ಹಿಡಿದು ಮಾತಾಡಿಸಿದಳು. ನನಗೆ ಮುಖ ಎತ್ತಲು ಆಗಲಿಲ್ಲ. ಈಗ ನಮ್ಮ ಬ್ಯಾಚಿನ ಮೂವತ್ತು ವರ್ಷದ ಸ್ನೇಹ ಸಮ್ಮಿಲನ ಬಂದಿದೆ. ವಾಟ್ಸಾಪ್ ಗ್ರೂಪ್ ತೆರೆದರೆ ಎದೆ ಡವಗುಡುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಅಷ್ಟು ಓದಿ ಏನು ಬಂತು ಅನ್ನುವುದೊಂದೇ ತಲೆಯಲ್ಲಿ. ಮನೆಯವರಿಗೆ ಹೇಳಿಲ್ಲ.

– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಪ್ರಿಯ ಸಹೋದರಿ, ನಿಮ್ಮ ಪತ್ರದಲ್ಲಿ ‘ಹೊಟ್ಟೆಕಿಚ್ಚು’ ಎಂದು ಎರಡು ಕಡೆ ಬರೆದು, ಎರಡೂ ಕಡೆ ಗೀಟೆಳೆದು ಅಳಿಸಿದ್ದೀರಿ. ಅಳಿಸಿದ್ದು ಸರಿ. ನಿಮಗಾಗಿರುವುದು ಹೊಟ್ಟೆಕಿಚ್ಚಲ್ಲ. ಗೆಳತಿಗೆ ಆ ಹುದ್ದೆ ಸಿಗಬಾರದಿತ್ತು ಎಂದು ನೀವು ಎಲ್ಲಿಯೂ ಬರೆದಿಲ್ಲ. ಒಂದೇ ಕೋಣೆಯಲ್ಲಿ ಕೂತು ಒಂದೇ ನೋಟ್ಸ್ ಓದಿದವಳ ಎದುರಿಗೆ, ನಿಮ್ಮ ಹೆಸರನ್ನೂ ಹೇಳದೆ, ನಿಮ್ಮ ವಿಷಯವನ್ನೂ ಹೇಳದೆ ಪರಿಚಯ ಮಾಡಿಕೊಟ್ಟರು. ಯಾರಿಗಾದರೂ ನೋವಾಗುವಂಥದ್ದೇ. ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಕಾಗಿಲ್ಲ.

ನಿಮ್ಮ ಪತ್ರವನ್ನು ನಿಧಾನವಾಗಿ ಓದಿದಾಗ ಎರಡು ಬೇರೆ ಬೇರೆ ನೋವುಗಳು ಒಂದರೊಳಗೊಂದು ಹೆಣೆದುಕೊಂಡಿರುವುದು ಕಾಣುತ್ತದೆ. ಅವನ್ನು ಬಿಡಿಸಿಕೊಳ್ಳದೆ ನಿದ್ದೆ ಬರುವುದಿಲ್ಲ.

ಮೊದಲನೆಯದು ಅನ್ಯಾಯದ ನೋವು. ಪ್ರತಿ ಶೈಕ್ಷಣಿಕ ವರ್ಷವೂ ಹೊಸದಾಗಿ ಅರ್ಜಿ ಹಾಕಬೇಕು, ಕೌನ್ಸೆಲಿಂಗ್‌ಗೆ ಕಾಯಬೇಕು. ಕಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದರೆ ನಿಮ್ಮ ಕಾರ್ಯಭಾರ ಹೋಗುತ್ತದೆ. ಕಾಯಂ ನೇಮಕಾತಿ ವರ್ಷಗಟ್ಟಲೆ ನಡೆಯಲಿಲ್ಲ. 2021ರಲ್ಲಿ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆಯುವ ಹೊತ್ತಿಗೆ ನಿಮಗೆ ವಯೋಮಿತಿ ಮೀರಿತ್ತು. ಇದರಲ್ಲಿ ನಿಮ್ಮ ಬುದ್ಧಿಯದಾಗಲಿ, ಶ್ರಮದ್ದಾಗಲಿ ತಪ್ಪೇನಿದೆ? ‘ಪಾಠ ಹೇಳುವುದು ಪುಣ್ಯದ ಕೆಲಸ, ಸಂಬಳದ ಲೆಕ್ಕ ಬಿಡಿ’ ಎಂದು ನಾನು ನಿಮಗೆ ಹೇಳಲಾರೆ. ಹಾಗೆ ಹೇಳಿದರೆ ನಿಮ್ಮ ಜೊತೆಗಿರುವ ಸಾವಿರಾರು ಅತಿಥಿ ಉಪನ್ಯಾಸಕರಿಗೂ ಅವಮಾನ ಮಾಡಿದಂತೆ. ಈ ನೋವಿಗೆ ಉತ್ತರ ಇರುವುದು ಸಂಘಟನೆಯಲ್ಲಿ, ಮನವಿಯಲ್ಲಿ, ನ್ಯಾಯಾಲಯದಲ್ಲಿ, ಸರ್ಕಾರದ ತೀರ್ಮಾನದಲ್ಲಿ. ಮಧ್ಯರಾತ್ರಿ ನೀವೊಬ್ಬರೇ ಹಾಸಿಗೆಯಲ್ಲಿ ಎದ್ದು ಕೂತು ಬಗೆಹರಿಸುವಂಥದ್ದಲ್ಲ ಅದು.

ಎರಡನೆಯದು ನಾಚಿಕೆ. ‘ನನ್ನ ಓದು ದಂಡವಾಯಿತು, ನನ್ನ ಬದುಕೇ ಹಿಂದೆ ಬಿತ್ತು’ ಎಂಬ ತೀರ್ಪು. ನಿಮ್ಮನ್ನು ನಿಜವಾಗಿ ಹಿಂಡುತ್ತಿರುವುದು ಇದು. ಈ ತೀರ್ಪಿಗೆ ಆಧಾರವೇನೆಂದರೆ ಹುದ್ದೆಯ ಹೆಸರು, ಅಷ್ಟೇ. ವ್ಯವಸ್ಥೆ ಮಾಡಿದ ತಪ್ಪಿನ ಭಾರವನ್ನು ನೀವು ನಿಮ್ಮ ಯೋಗ್ಯತೆಯ ಮೇಲೆ ಹೊರಿಸಿಕೊಂಡಿದ್ದೀರಿ.

ಪದವಿ ಪಡೆದವರ ಬದುಕು ದಶಕಗಳ ನಂತರ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕೆಲವರು ಆಯುಷ್ಯವಿಡೀ ಕೂತು ನೋಡಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಿಲ್ಸ್ ಎಂಬ ಮಹಿಳಾ ಕಾಲೇಜಿತ್ತು. ಅಲ್ಲಿ 1958 ಮತ್ತು 1960ರಲ್ಲಿ ಕೊನೆಯ ವರ್ಷದಲ್ಲಿದ್ದ ಸುಮಾರು 140 ವಿದ್ಯಾರ್ಥಿನಿಯರನ್ನು ಮನೋವಿಜ್ಞಾನಿ ರವೆನ್ನಾ ಹೆಲ್ಸನ್ ಮತ್ತು ಅವರ ಸಹೋದ್ಯೋಗಿಗಳು ಐದು ದಶಕಗಳವರೆಗೆ ಹಿಂಬಾಲಿಸಿದರು. ಮದುವೆಯಾದವರು, ಮನೆಯಲ್ಲೇ ಉಳಿದವರು, ಕೆಲಸ ಬಿಟ್ಟು ಮತ್ತೆ ಹಿಡಿದವರು, ವಿಚ್ಛೇದನ ಪಡೆದವರು, ನಡುವಯಸ್ಸಿನಲ್ಲಿ ಹೊಸ ದಾರಿ ತುಳಿದವರು, ಎಲ್ಲರೂ ಅದರಲ್ಲಿದ್ದರು. ಇಪ್ಪತ್ತೆರಡರಲ್ಲಿ ಒಂದೇ ಸಾಲಿನಲ್ಲಿ ನಿಂತವರ ದಾರಿಗಳು ನಲವತ್ತಕ್ಕೆ ಬರುವಾಗ ಗುರುತು ಸಿಗದಷ್ಟು ಕವಲೊಡೆದಿದ್ದವು. ಆದರೂ ಐವತ್ತರ ಆಸುಪಾಸಿನಲ್ಲಿ ಆ ಮಹಿಳೆಯರಲ್ಲಿ ಬಹಳಷ್ಟು ಮಂದಿ ತಮ್ಮ ಮೇಲಿನ ಭರವಸೆ ಹೆಚ್ಚಾಗಿದೆ, ಸ್ವಂತ ತೀರ್ಮಾನ ತೆಗೆದುಕೊಳ್ಳುವ ಧೈರ್ಯ ಬಂದಿದೆ ಎಂದು ಹೇಳಿದರು. ಅದು ಬೇರೆ ದೇಶ, ಬೇರೆ ಅನುಕೂಲ. ಅವರ ಬದುಕನ್ನು ಹಾವೇರಿಗೆ ತಂದು ಅಂಟಿಸಲಾಗದು. ಆದರೆ ಐವತ್ಮೂರಕ್ಕೆ ಲೆಕ್ಕ ಮುಗಿಯಿತು ಎಂಬ ನಿಮ್ಮ ತೀರ್ಪನ್ನು ಒಪ್ಪಲು ನನಗೆ ಕಾರಣ ಕಾಣುವುದಿಲ್ಲ.

ಇನ್ನೊಂದು ಅಧ್ಯಯನವನ್ನು ನಿಮಗಾಗಿಯೇ ನೆನೆಯುತ್ತೇನೆ. ಅಬಿಗೇಲ್ ಸ್ಟುವರ್ಟ್ ಮತ್ತು ಎಲಿಜಬೆತ್ ವಾಂಡೆವಾಟರ್ ಎಂಬ ಸಂಶೋಧಕಿಯರು 1960ರ ದಶಕದ ಪದವೀಧರೆಯರ ನಡುವಯಸ್ಸಿನ ಹಳಹಳಿಕೆಯನ್ನು ಪರಿಶೀಲಿಸಿ 1999ರಲ್ಲಿ ಪ್ರಕಟಿಸಿದರು. ‘ಹಾಗೆ ಮಾಡಬೇಕಿತ್ತು’ ಎಂಬ ಕೊರಗು ಅನೇಕರಲ್ಲಿತ್ತು. ಕೊರಗನ್ನು ಗುರುತಿಸಿ ಬದುಕಿನಲ್ಲಿ ಏನಾದರೂ ಬದಲಿಸಿಕೊಂಡವರು ಮುಂದೆ ನೆಮ್ಮದಿಯಾಗಿದ್ದರು. ಕೊರಗಿದ್ದೂ ಏನನ್ನೂ ಬದಲಿಸದೆ ಉಳಿದವರಿಗೆ ಆ ನೆಮ್ಮದಿ ಸಿಗಲಿಲ್ಲ. ಅವರನ್ನು ತಡೆದವುಗಳಲ್ಲಿ ಅದನ್ನೇ ಮತ್ತೆ ಮತ್ತೆ ಮೆಲುಕು ಹಾಕುವ ಅಭ್ಯಾಸವೂ ಒಂದು. ರಾತ್ರಿ ಮೂರು ಗಂಟೆಗೆ ನಿಮಗಾಗುತ್ತಿರುವುದೂ ಅದೇ.

ಹಾಗಾದರೆ ಏನು ಮಾಡಬೇಕು?

ಮೊದಲು ನಿದ್ದೆಯ ವಿಚಾರ. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಕಾಲದ ಏರುಪೇರು, ಥೈರಾಯ್ಡ್ ತೊಂದರೆ ಎರಡೂ ನಿದ್ದೆ ಕೆಡಿಸುತ್ತವೆ, ಎದೆ ಡವಗುಡಿಸುತ್ತವೆ. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವ ಮೊದಲು ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿ. ಮನಸ್ಸಿನ ಭಾರ ಎರಡು ವಾರ ದಾಟಿಯೂ ಇಳಿಯದಿದ್ದರೆ, ಊಟ ರುಚಿಸದಿದ್ದರೆ, ಪಾಠಕ್ಕೆ ಹೋಗಲು ಮನಸ್ಸಾಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ. ನಿಮ್ಮಲ್ಲಿಂದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ದೂರವಿಲ್ಲ. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಕಾಯಬೇಡಿ, ಕೂಡಲೇ ಟೆಲಿ ಮಾನಸ್‌ಗೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಉಚಿತ ಸೇವೆ ಅದು. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಯಜಮಾನರಿಗೆ ಹೇಳಿ. ಎಲ್ಲವನ್ನೂ ಒಂದೇ ಸಲಕ್ಕೆ ಹೇಳಬೇಕಿಲ್ಲ. ಎಲ್‌ಐಸಿ ಬಂದ ದಿನ ಏನಾಯಿತು ಎಂಬುದಷ್ಟೇ ಸಾಕು. ಅವರು ‘ಅದೇನು ಮಹಾ’ ಎಂದರೆ, ‘ನನಗೆ ಪರಿಹಾರ ಬೇಡ, ಸ್ವಲ್ಪ ಕೇಳಿಸಿಕೊಳ್ಳಿ’ ಎನ್ನಿ. ಮನೆಯವರಿಗೆ ಎಷ್ಟೋ ಸಲ ತಾವೇನು ಮಾಡಬೇಕೆಂದೇ ತಿಳಿಯುವುದಿಲ್ಲ.

ಆಮೇಲೆ ನಿಮ್ಮ ರೂಮ್‌ಮೇಟ್. ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವೆನಿಸಿದ ಸಾಲು ‘ಅವಳು ಕೈ ಹಿಡಿದು ಮಾತಾಡಿಸಿದಳು’ ಎಂಬುದು. ನೀವು ಅದನ್ನು ಅವಮಾನದ ಪಟ್ಟಿಯಲ್ಲಿ ಸೇರಿಸಿ ಮುಂದೆ ಹೋಗಿದ್ದೀರಿ. ಅಂಥ ಸ್ನೇಹದ ಬೆಲೆ ದೊಡ್ಡದು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ 268 ವಿದ್ಯಾರ್ಥಿಗಳಿಂದ ಆರಂಭವಾದ ಅಧ್ಯಯನವೊಂದು ಇಂದಿಗೂ ನಡೆದಿದೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿ ಕೂಡ ಅದರಲ್ಲಿದ್ದರು. ಆರಂಭದಲ್ಲಿ ಆರಿಸಿಕೊಂಡಿದ್ದು ಗಂಡಸರನ್ನು ಮಾತ್ರ, ಅದು ಆ ಅಧ್ಯಯನದ ದೊಡ್ಡ ಕೊರತೆ. ಆದರೂ ಅದನ್ನು ಈಗ ಮುನ್ನಡೆಸುತ್ತಿರುವ ರಾಬರ್ಟ್ ವಾಲ್ಡಿಂಗರ್ ಹೇಳುವುದು ಕೇಳತಕ್ಕದ್ದು: ಐವತ್ತರಲ್ಲಿ ತಮ್ಮ ಸಂಬಂಧಗಳ ಬಗ್ಗೆ ತೃಪ್ತರಾಗಿದ್ದವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಾಗಿದ್ದರು. ಸಮ್ಮಿಲನಕ್ಕೆ ಮೊದಲೇ ಆಕೆಗೊಂದು ಫೋನ್ ಮಾಡಿ. ‘ಆವತ್ತು ನನಗ ಮಾತಾಡಾಕ ಆಗಲಿಲ್ಲ, ಮನಸಿಗೆ ಭಾಳ ಬ್ಯಾಸರಾಗಿತ್ತು’ ಎಂದು ನೇರವಾಗಿ ಹೇಳಿ. ಅವರ ಮೂವತ್ತು ವರ್ಷ ಹೇಗೆ ಕಳೆಯಿತೆಂದೂ ಕೇಳಿ. ಹುದ್ದೆಯ ಹಿಂದೆ ಏನೇನು ಕಳೆದುಕೊಂಡಿದ್ದಾರೋ ನಿಮಗೆ ಗೊತ್ತಿಲ್ಲ. ಗ್ರೂಪಿನಲ್ಲಿ ಫೋಟೊ ಹಾಕುವವರು ಕೆಲವರೇ ಎಂಬುದನ್ನೂ ಗಮನಿಸಿ. ಸುಮ್ಮನಿರುವವರಲ್ಲಿ ಎಷ್ಟು ಮಂದಿ ನಿಮ್ಮ ಹಾಗೆಯೇ ಫೋನ್ ತೆರೆದು, ಮುಚ್ಚಿ ಇಡುತ್ತಿರಬಹುದು?

ಸಮ್ಮಿಲನಕ್ಕೆ ಹೋಗಲೇಬೇಕೆಂದಿಲ್ಲ. ಆದರೆ ನಾಚಿಕೆಯ ಕಾರಣಕ್ಕೆ ತಪ್ಪಿಸಬೇಡಿ. ಹೋದರೆ ಮಧ್ಯಾಹ್ನದ ಊಟದವರೆಗೆ ಇದ್ದು ಬನ್ನಿ, ಸಾಕು. ‘ಈಗೇನ್ ಮಾಡಾಕತ್ತೀ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಮೊದಲೇ ಸಿದ್ಧವಿರಲಿ: ‘ಇಪ್ಪತ್ತು ವರ್ಷದಿಂದ ಡಿಗ್ರಿ ಹುಡುಗರಿಗೆ ಗಣಿತ ಕಲಿಸಾಕತ್ತೀನಿ.’ ಅದರ ಹಿಂದೆ ‘ಗೆಸ್ಟ್ ಅಷ್ಟ’ ಎಂದು ಸೇರಿಸಬೇಡಿ. ಕೇಳಿದರೆ ಮುಚ್ಚಿಡಲೂ ಬೇಡಿ.

ಪಿಎಚ್.ಡಿ. ಬಗ್ಗೆ ನೀವು ಕೇಳಿಲ್ಲ. ಆದರೆ ಅರ್ಧಕ್ಕೆ ನಿಂತದ್ದನ್ನು ಪತ್ರದ ಮೊದಲಲ್ಲೇ ಬರೆದಿದ್ದೀರಿ. 2022ರ ಯುಜಿಸಿ ನಿಯಮದಂತೆ ಪಿಎಚ್.ಡಿ. ಮುಗಿಸಲು ಆರು ವರ್ಷ ಅವಕಾಶವಿದೆ, ಮಹಿಳೆಯರಿಗೆ ಇನ್ನೂ ಎರಡು ವರ್ಷ ಹೆಚ್ಚಿಗೆ ಕೊಡಲು ಅವಕಾಶವಿದೆ. ಹೊಸದಾಗಿ ನೋಂದಾಯಿಸಿಕೊಳ್ಳಬೇಕಾಗಬಹುದು. ಯಾರಿಗೋ ತೋರಿಸಲಿಕ್ಕಾದರೆ ಬೇಡ, ಅದು ಈ ವಯಸ್ಸಿನಲ್ಲಿ ಸುಸ್ತು ಮಾಡುತ್ತದೆ. ಆ ಲೆಕ್ಕಗಳನ್ನು ಬಿಡಿಸುವ ಆಸೆ ಇನ್ನೂ ಇದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇದ್ದರೆ ಮಾರ್ಗದರ್ಶಕರನ್ನು ಹುಡುಕಲು ನೆರವಾಗಬಲ್ಲ ಪ್ರೊಫೆಸರ್ ಒಬ್ಬರು ನಿಮಗೆ ಈಗಾಗಲೇ ಪರಿಚಯ. ಇಲ್ಲದಿದ್ದರೆ ಆ ಅಧ್ಯಾಯವನ್ನು ಮುಗಿಸಿಬಿಡಿ. ಅದೂ ಒಂದು ತೀರ್ಮಾನವೇ.

ಇದನ್ನು ಓದುತ್ತಿರುವ ಪ್ರಾಂಶುಪಾಲರಲ್ಲಿ ಒಂದು ವಿನಂತಿ: ಅತಿಥಿ ಉಪನ್ಯಾಸಕರನ್ನು ಹೆಸರು ಮತ್ತು ವಿಷಯ ಹೇಳಿ ಪರಿಚಯಿಸಿ. ಸ್ನೇಹ ಸಮ್ಮಿಲನ ಏರ್ಪಡಿಸುವವರು ನೋಂದಣಿ ಫಾರಂನಿಂದ ‘ಹುದ್ದೆ’ ಎಂಬ ಕಾಲಂ ತೆಗೆದು ಊರು, ಫೋನ್ ನಂಬರ್ ಇಟ್ಟುಕೊಂಡರೆ, ಬರಲು ಹಿಂಜರಿಯುವ ಕೆಲವರಾದರೂ ಬಂದಾರು.

ನೀವು ಮಾತ್ರ, ಸಹೋದರಿ, ಗೆಳತಿಗೆ ಆ ಫೋನನ್ನು ಈ ಭಾನುವಾರವೇ ಮಾಡಿ.