ಕೆರೆ ನಾಡಿಗೆ ಒಂಟಿ ಬೈಕು: ನಿವೃತ್ತರ ಪ್ರಶ್ನೆಗಳಿಗೆ ಉತ್ತರ

ನಾನು ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತನಾದವನು, ವಯಸ್ಸು 63. ಮಳೆಗಾಲ ಮುಗಿದ ಮೇಲೆ ಬೈಕಿನಲ್ಲಿ ಒಬ್ಬನೇ ಶಿಕಾರಿಪುರ, ಸೊರಬ ಸುತ್ತಿ ಬರುವ ಆಸೆಯಿದೆ. ಟೆಂಟನ್ನೂ ಕೊಂಡಿದ್ದೇನೆ. ಯಾವಾಗ ಹೊರಡಲಿ? ದಿನಕ್ಕೆ ಎಷ್ಟು ದೂರ ಓಡಿಸಬಹುದು?
— ನಿವೃತ್ತ ಶಿಕ್ಷಕರು, ದಾವಣಗೆರೆ

ಸ್ವಾತಿ ಮಳೆ ಕಳೆಯಲಿ ಮೇಷ್ಟ್ರೇ, ಆಮೇಲೆ ಹೊರಡಿ. ಚಿತ್ತೆ, ಸ್ವಾತಿ ಎರಡೂ ಹಿಂಗಾರಿನ ಗುಡುಗು ಮಳೆಗಳು. ಬೆಳಿಗ್ಗೆ ಆಕಾಶ ತಿಳಿಯಾಗಿರುತ್ತದೆ, ಮಧ್ಯಾಹ್ನ ಮೂರಕ್ಕೆಲ್ಲ ಮೋಡ ಕಟ್ಟಿ ಸಂಜೆ ಸಿಡಿಲು ಶುರುವಾಗುತ್ತದೆ. ಬಯಲಲ್ಲಿ ಟೆಂಟಿನೊಳಗೆ ಇರುವವನಿಗೆ ಸಿಡಿಲಿನಷ್ಟು ಅಪಾಯ ಬೇರೆ ಇಲ್ಲ. ಸ್ವಾತಿ ನವೆಂಬರ್ 6ರ ಸುಮಾರಿಗೆ ಮುಗಿಯುತ್ತದೆ. ಅಲ್ಲಿಂದ ಆ ತಿಂಗಳ ಕೊನೆಯವರೆಗಿನ ದಿನಗಳೇ ಈ ಸೀಮೆಗೆ ಸರಿಯಾದ ಕಾಲ. ಕೆರೆಗಳು ತುಂಬಿರುತ್ತವೆ, ಭತ್ತ ಹಳದಿಗೆ ತಿರುಗಿರುತ್ತದೆ, ಗುಡವಿ ಪಕ್ಷಿಧಾಮದ ಹಕ್ಕಿಗಳು ಇನ್ನೂ ಪೂರ್ತಿ ಹಾರಿಹೋಗಿರುವುದಿಲ್ಲ. ಡಿಸೆಂಬರಿನಿಂದಾಚೆ ಸೊರಬದ ಕಾಡಿನ ಕಡೆಗೆ ಟೆಂಟು ಒಯ್ಯಬೇಡಿ. ಕಾರಣ ಮುಂದಿನ ಪತ್ರದ ಉತ್ತರದಲ್ಲಿದೆ.

ದೂರದ ವಿಷಯಕ್ಕೆ ಬರೋಣ. ಶಿಕಾರಿಪುರದಿಂದ ಶಿರಾಳಕೊಪ್ಪ, ಆನವಟ್ಟಿ, ಸೊರಬ ಹಾದು ಚಂದ್ರಗುತ್ತಿ ಮುಟ್ಟಲು ನೂರು ಕಿಲೋಮೀಟರೂ ಆಗುವುದಿಲ್ಲ. ಹುಡುಗರು ಅರ್ಧ ದಿನದಲ್ಲಿ ಮುಗಿಸುತ್ತಾರೆ. ನೀವು ನಾಲ್ಕು ದಿನಕ್ಕೆ ಹಂಚಿಕೊಳ್ಳಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹೊರಟು ಮಧ್ಯಾಹ್ನ ಊಟದ ಹೊತ್ತಿಗೆ ಬೈಕು ನಿಲ್ಲಿಸಿಬಿಡಿ. ಉಳಿದ ಹೊತ್ತು ನಡೆಯಲು, ನೋಡಲು, ಮಾತಾಡಲು ಬೇಕು.

ಮೊದಲ ದಿನ ಶಿಕಾರಿಪುರದಲ್ಲೇ ಕಳೆಯಿರಿ. ಹುಚ್ಚರಾಯಸ್ವಾಮಿ ಗುಡಿ, ಕೆರೆ, ಊರಾಚೆ ಕುಮುದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯ ಇಷ್ಟು ಸಾಕು. ಮರುದಿನ ಅಕ್ಕಮಹಾದೇವಿಯ ಊರೆಂದು ನಂಬಿರುವ ಉಡುಗಣಿ ನೋಡಿಕೊಂಡು ಶಿರಾಳಕೊಪ್ಪ ದಾಟಿದರೆ ಬಳ್ಳಿಗಾವಿ. ಕೇದಾರೇಶ್ವರ, ತ್ರಿಪುರಾಂತಕೇಶ್ವರ, ಗಂಡಭೇರುಂಡ ಕಂಬ ಎಲ್ಲವೂ ಒಂದೇ ಊರಲ್ಲಿವೆ. ಕಾಳಾಮುಖರ ಕೋಡಿಯ ಮಠ ಇದ್ದದ್ದೂ ಇಲ್ಲೇ, ಅಲ್ಲಮನ ಹುಟ್ಟೂರೆಂದು ಹೇಳುವುದೂ ಇದನ್ನೇ. ಎಲ್ಲರೂ ಒಂದು ಗಂಟೆ ನೋಡಿ ಹೊರಟುಬಿಡುವ ಊರು ಇದು. ತ್ರಿಪುರಾಂತಕದ ಜಾಲಂಧ್ರಗಳ ಮುಂದೆಯೇ ನೀವು ಅಷ್ಟು ಹೊತ್ತು ಕೂರಿ.

ಅಲ್ಲಿಂದ ಕೂಗಳತೆಗಿಂತ ತುಸು ಹೆಚ್ಚು ದೂರದಲ್ಲಿ ತಾಳಗುಂದವಿದೆ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಶಾಸನ ಮಯೂರಶರ್ಮನ ಕಥೆಯಿಂದ ಪ್ರಸಿದ್ಧ. ಕಂಚಿಯಲ್ಲಿ ಅವಮಾನಗೊಂಡು ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದನ್ನು ನಿಮ್ಮ ಎಷ್ಟೋ ವಿದ್ಯಾರ್ಥಿಗಳಿಗೆ ನೀವೇ ಹೇಳಿರುತ್ತೀರಿ. ಆದರೆ ಆ ಶಾಸನ ಹುಟ್ಟಿದ್ದು ಒಂದು ಕೆರೆಯ ನೆಪದಲ್ಲಿ. ಮಯೂರಶರ್ಮನ ವಂಶದ ದೊರೆ ಕಾಕುಸ್ಥವರ್ಮ ಗುಡಿಯ ಬಳಿ ದೊಡ್ಡ ಕೆರೆ ಕಟ್ಟಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದ ನಡುವಿನಲ್ಲಿ, ಕುಬ್ಜನೆಂಬ ಕವಿ ಅದನ್ನು ಸಂಸ್ಕೃತದಲ್ಲಿ ಬರೆದ. ಒಂದು ರಾಜವಂಶದ ಕಥೆ ನಮಗೆ ದಕ್ಕಿದ್ದೇ ಕೆರೆಯ ಲೆಕ್ಕದಲ್ಲಿ ಎಂಬುದು ಈ ನಾಡಿನ ಸ್ವಭಾವವನ್ನೇ ಹೇಳುತ್ತದೆ. ಇವತ್ತಿಗೂ ಇಲ್ಲಿ ಕೆರೆ ಕಾಣದೆ ಒಂದು ಊರನ್ನು ದಾಟುವುದು ಕಷ್ಟ.

ಮುಂದೆ ಆನವಟ್ಟಿ, ಅದರ ಪಕ್ಕದ ಕುಬಟೂರಿನ ಕೈಟಭೇಶ್ವರ, ಸೊರಬ. ಸೊರಬದಿಂದ ಬನವಾಸಿ ದಾರಿಯಲ್ಲಿ ಸುಮಾರು 15 ಕಿಲೋಮೀಟರಿಗೆ ಗುಡವಿ. ಮಳೆಗಾಲದಲ್ಲಿ ಗೂಡು ಕಟ್ಟಲು ಬರುವ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳಲ್ಲಿ ಕೆಲವಾದರೂ ನವೆಂಬರಿನಲ್ಲಿ ಮರಿಗಳ ಜೊತೆ ಸಿಗುತ್ತವೆ.

ಇನ್ನು ರಸ್ತೆ. ನವೆಂಬರ್ ಎಂದರೆ ಮೆಕ್ಕೆಜೋಳದ ಕಾಲ. ಕಣ ಇಲ್ಲದ ರೈತರು ಅರ್ಧ ರಸ್ತೆಗೆ ಕಾಳು ಹರವಿ ಅಂಚಿಗೆ ಕಲ್ಲು ಜೋಡಿಸಿರುತ್ತಾರೆ. ರಾತ್ರಿ ಅದರ ಮೇಲೆ ಕರಿ ತಾಡಪಾಲು ಹೊದಿಸುತ್ತಾರೆ. ಕತ್ತಲಲ್ಲಿ ಆ ಕಲ್ಲೂ ಕಾಣದು, ತಾಡಪಾಲೂ ಕಾಣದು. ಕಾಳಿನ ಮೇಲೆ ಚಕ್ರ ಹೋಯಿತೆಂದರೆ ಬ್ರೇಕು ಹಿಡಿದವನು ಬಿದ್ದಂತೆಯೇ. ಗೇರು ಇಳಿಸಿ, ಬ್ರೇಕು ಮುಟ್ಟದೆ ನೇರ ದಾಟಿ. ಸೂರ್ಯ ಮುಳುಗಿದ ಮೇಲೆ ಈ ರಸ್ತೆಗಳಲ್ಲಿ ಬೈಕು ಓಡಿಸಲೇಬೇಡಿ. ಇದೊಂದು ಮಾತನ್ನು ಕಟ್ಟುನಿಟ್ಟಾಗಿ ಪಾಲಿಸಿ.

ದೀಪಾವಳಿ ಕಳೆದು ವಾರಗಟ್ಟಲೆ ಈ ಎರಡೂ ತಾಲ್ಲೂಕುಗಳಲ್ಲಿ ಊರೂರಿಗೆ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೊಬ್ಬರಿ ಸರ, ಬಲೂನು ಕಟ್ಟಿಕೊಂಡ ಹೋರಿ ಓಡಿ ಬರುವುದು ಊರ ಬೀದಿಯಲ್ಲೇ. ಬೈಕನ್ನು ಊರ ಹೊರಗೇ ಬಿಟ್ಟು ನಡೆದು ಹೋಗಿ, ಯಾರದಾದರೂ ಮಾಳಿಗೆ ಮೇಲಿಂದ ನೋಡಿ. ಬೇಲಿ ಪಕ್ಕ ನಿಂತು ನೋಡುತ್ತಿದ್ದವರೂ ತಿವಿತಕ್ಕೆ ಪ್ರಾಣ ಕಳೆದುಕೊಂಡ ಸೀಮೆ ಇದು.

ಚಂದ್ರಗುತ್ತಿ ಸುತ್ತಿನ ಕಾಡಲ್ಲಿ ಎಲ್ಲಿ ಬೇಕಾದರೂ ಟೆಂಟು ಹಾಕಬಹುದು, ಯಾರೂ ಕೇಳುವುದಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ಜನರಿಂದ ದೂರ ಎರಡು ರಾತ್ರಿ ಕಳೆಯಬೇಕೆಂಬುದೇ ನನ್ನ ಉದ್ದೇಶ. ಜಾಗ ತಿಳಿಸುವಿರಾ?
— ನಿವೃತ್ತ ಬ್ಯಾಂಕ್ ನೌಕರರು, ಹುಬ್ಬಳ್ಳಿ

ಕಾಡೊಳಗಿನ ಜಾಗ ನಾನು ತಿಳಿಸುವುದಿಲ್ಲ. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ತಂಗುವುದು, ಬೆಂಕಿ ಹಾಕುವುದು ಅಪರಾಧ. ಗುಡವಿಯಂಥ ಪಕ್ಷಿಧಾಮದೊಳಗೂ ರಾತ್ರಿ ಉಳಿಯುವಂತಿಲ್ಲ. ಆದರೆ ಕಾನೂನಿಗಿಂತ ದೊಡ್ಡ ಕಾರಣವೊಂದಿದೆ.

ಜಗತ್ತಿನ ವೈದ್ಯ ಪುಸ್ತಕಗಳಲ್ಲೆಲ್ಲ ಸೊರಬ ತಾಲ್ಲೂಕಿನ ಒಂದು ಊರಿನ ಹೆಸರಿದೆ: ಕ್ಯಾಸನೂರು. 1957ರಲ್ಲಿ ಅಲ್ಲಿನ ಕಾಡಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಸುತ್ತಲ ಹಳ್ಳಿಗಳ ಜನಕ್ಕೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸೊಂದನ್ನು ಗುರುತಿಸಿದರು. ಅದೇ ನಾವು ಮಂಗನ ಕಾಯಿಲೆ ಎನ್ನುವ ಕ್ಯಾಸನೂರು ಕಾಡಿನ ಕಾಯಿಲೆ. ಹರಡುವುದು ಉಣುಗಿನಿಂದ. ಒಣಗಿದ ತರಗೆಲೆಯ ಮೇಲೆ ಸಾಸಿವೆಗಿಂತ ಸಣ್ಣ ಮರಿ ಉಣುಗುಗಳು ಮೈಗೆ ಹತ್ತಿಕೊಳ್ಳಲು ಕಾದಿರುತ್ತವೆ. ನವೆಂಬರ್ ಕೊನೆಯಿಂದ ಅವು ಹೆಚ್ಚುತ್ತಾ ಹೋಗುತ್ತವೆ, ಕಾಯಿಲೆಯ ಕಾಲ ಡಿಸೆಂಬರಿನಿಂದ ಮುಂಗಾರು ಹಿಡಿಯುವವರೆಗೆ. 2019ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಎಷ್ಟು ಮನೆಗಳನ್ನು ಕಂಗೆಡಿಸಿತೆಂಬುದು ಮಲೆನಾಡಿಗೆ ಮರೆತಿಲ್ಲ. ಇದಕ್ಕೆಂದೇ ಔಷಧಿ ಇಲ್ಲ, ಹಳೆಯ ಲಸಿಕೆಯನ್ನೂ ನಿಲ್ಲಿಸಲಾಗಿದೆ. ತರಗೆಲೆ ಮೇಲೆ ಟೆಂಟು ಹಾಸಿ ಮಲಗುವವನು ಉಣುಗಿನ ಮನೆಯಲ್ಲೇ ಹಾಸಿಗೆ ಹಾಸಿದ ಹಾಗೆ.

ಆದ್ದರಿಂದ ನನ್ನ ಸಲಹೆ ನಿಮ್ಮ ಉದ್ದೇಶಕ್ಕೆ ವಿರುದ್ಧವಾದದ್ದು. ಅರವತ್ತು ದಾಟಿದವರು ಟೆಂಟನ್ನು ಜನರ ಹತ್ತಿರ ಹಾಕಬೇಕು. ಮಧ್ಯಾಹ್ನವೇ ಊರು ಸೇರಿ. ಅಂಗಡಿ ಕಟ್ಟೆಯಲ್ಲಿ ಚಹಾ ಕುಡಿದು ಪಂಚಾಯ್ತಿ ಸದಸ್ಯರು ಯಾರೆಂದು ಕೇಳಿ. ಆಧಾರ್ ತೋರಿಸಿ, ಎಲ್ಲಿಂದ ಬಂದಿರಿ, ಎತ್ತ ಹೋಗುತ್ತೀರಿ ಹೇಳಿ. ಮನೆ ಪಕ್ಕದ ಕಣ, ಅಡಿಕೆ ಒಣಗಿಸುವ ಅಂಗಳ, ಗುಡಿಯ ಪೌಳಿ, ಯಾವುದಾದರೊಂದು ಖಂಡಿತ ಸಿಗುತ್ತದೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಕಾಯಲು ಮನೆಯವರೂ ಹೊರಗೇ ಮಲಗಿರುತ್ತಾರೆ. ಅಡಿಕೆ ಬೇಯಿಸುವ ಒಲೆಯ ಪಕ್ಕ ಕೂತು ಕೇಳುವ ಮಾತು ಯಾವ ಕಾಡಿನ ನಡುವೆಯೂ ಸಿಗದು. ದೀಪಾವಳಿಯ ರಾತ್ರಿಗಳಲ್ಲಿ ಹೋದರೆ ಅಂಟಿಕೆ-ಪಂಟಿಕೆಯವರು ದೀಪ ಹಿಡಿದು ಹಾಡುತ್ತಾ ಬರುವುದೂ ಇಂಥ ಅಂಗಳಕ್ಕೇ. ಏಕಾಂತ ಬೇಕಿದ್ದರೆ ಅದು ಹಗಲಿನ ದಾರಿಯಲ್ಲಿ ಬೇಕಾದಷ್ಟಿದೆ.

ಕೆರೆ ಏರಿಯ ಮೇಲೆ ಟೆಂಟು ಬೇಡ. ಇಲಿ ಬಿಲಗಳಿರುವಲ್ಲಿ ಹಾವಿರುತ್ತದೆ. ಕೋಡಿ ಹರಿಯುವ ದಿಕ್ಕಿನಲ್ಲಂತೂ ಕೂಡದು, ಮೇಲೆ ಎಲ್ಲೋ ಸುರಿದ ಮಳೆಗೆ ರಾತ್ರೋರಾತ್ರಿ ನೀರು ಏರುತ್ತದೆ. ಕತ್ತಲಲ್ಲಿ ಹೊಲದ ತಂತಿ ಬೇಲಿ ಮುಟ್ಟಬೇಡಿ, ಹಂದಿ ಕಾಟಕ್ಕೆ ಕರೆಂಟು ಬಿಡುವವರು ಇದ್ದಾರೆ. ಟೆಂಟಿನ ಜಿಪ್ಪು ಸದಾ ಮುಚ್ಚಿರಲಿ. ಕಟ್ಟು ಹಾವು ಕಚ್ಚುವುದು ರಾತ್ರಿ ನೆಲದ ಮೇಲೆ ಮಲಗಿದವರನ್ನು, ಎಷ್ಟೋ ಸಲ ನೋವೂ ಗೊತ್ತಾಗುವುದಿಲ್ಲ. ಬಳ್ಳಿಗಾವಿ, ತಾಳಗುಂದದ ಗುಡಿಗಳು ಪುರಾತತ್ವ ಇಲಾಖೆಯವು. ಆ ಆವರಣದಲ್ಲಿ ಒಲೆ ಹಚ್ಚಬೇಡಿ.

ಚಂದ್ರಗುತ್ತಿ ಗುಡ್ಡ ಹತ್ತುವುದಾದರೆ ಹಗಲಲ್ಲಿ ಹತ್ತಿ ಇಳಿಯಿರಿ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಉಣುಗು ದೂರವಿಡಲು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಿರಿ. ಇಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಬದಲಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೋ ಅರಣ್ಯ ಸಿಬ್ಬಂದಿಗೋ ತಿಳಿಸಿ.

ನಮ್ಮ ಅಪ್ಪಾಜಿಗೆ 66. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಅಮ್ಮ ತೀರಿಕೊಂಡ ಮೇಲೆ ಒಬ್ಬರೇ ಬೈಕಿನಲ್ಲಿ ಬಳ್ಳಿಗಾವಿ ಕಡೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾರೆ. ಹೇಗೆ ತಡೆಯಲಿ?
— ಮಗಳು, ಬೆಂಗಳೂರು

ತಡೆಯಬೇಡಿ ತಾಯಿ. ಸಂಗಾತಿ ಹೋದ ಮೇಲೆ ಮನೆಯ ಮೂಲೆ ಹಿಡಿಯದೆ ದಾರಿ ಹಿಡಿಯುತ್ತೇನೆ ಎನ್ನುವ ತಂದೆಯ ಮನಸ್ಸು ಗಟ್ಟಿಯಾಗಿದೆ. ಅದನ್ನು ಕಾಯುವುದು ನಿಮ್ಮ ಕೆಲಸ.

ಮೊದಲು ಅವರನ್ನು ಅವರ ವೈದ್ಯರ ಬಳಿ ಕರೆದೊಯ್ದು ಒಂದೇ ಪ್ರಶ್ನೆ ಕೇಳಿ: ಈಗ ತೆಗೆದುಕೊಳ್ಳುವ ಮಾತ್ರೆ ಅಥವಾ ಇನ್ಸುಲಿನ್ನಿನಿಂದ ಸಕ್ಕರೆ ತೀರಾ ಕೆಳಗಿಳಿಯುವ ಸಂಭವ ಇದೆಯೇ? ಬೈಕಿನ ಮೇಲಿರುವಾಗ ಭಯಪಡಬೇಕಾದದ್ದು ಏರಿದ ಸಕ್ಕರೆಗಿಂತ ಇಳಿದ ಸಕ್ಕರೆಗೆ. ಕೈ ನಡುಗುವುದು, ಬೆವರು, ಕಣ್ಣು ಮಂಜು, ಇವು ಶುರುವಾಗಿ ನಿಮಿಷಗಳಲ್ಲೇ ಪ್ರಜ್ಞೆ ತಪ್ಪಬಹುದು. ತಿಂಡಿ ತಿನ್ನದೆ ಬೈಕು ಹತ್ತಕೂಡದು. ಗಂಟೆಗೊಮ್ಮೆ ಇಳಿಯಬೇಕು. ಗ್ಲೂಕೋಸ್ ಪುಡಿ ಅಂಗಿ ಜೇಬಿನಲ್ಲೇ ಇರಬೇಕು, ಹಿಂದಿನ ಚೀಲದಲ್ಲಿದ್ದರೆ ಪ್ರಯೋಜನವಿಲ್ಲ. ಇನ್ಸುಲಿನ್ ಇದ್ದರೆ ಬಿಸಿಲು ತಾಗುವ ಪೆಟ್ರೋಲ್ ಟ್ಯಾಂಕಿನ ಮೇಲಿನ ಚೀಲದಲ್ಲಿ ಇಡಬಾರದು.

ರಾತ್ರಿ ಎರಡು ಮೂರು ಸಲ ಏಳುವ ವಯಸ್ಸು. ಮಂಡಿ ಊರಿ ತೆವಳಿ ಹೊರಬರುವ ಸಣ್ಣ ಟೆಂಟು ಅವರಿಗೆ ಹಿಂಸೆ. ಕೂತು ಎದ್ದು ಹೊರಬರುವಷ್ಟು ಎತ್ತರದ್ದು ಕೊಡಿಸಿ, ತಲೆಗೆ ಕಟ್ಟುವ ಟಾರ್ಚನ್ನೂ ಕೊಡಿಸಿ. ಬೂಟನ್ನು ಝಾಡಿಸದೆ ಕಾಲು ಹಾಕಬಾರದೆಂದು ಹೇಳಿ. ಮಾತ್ರೆಗಳ ಹೆಸರು, ಪ್ರಮಾಣ, ನಿಮ್ಮ ಫೋನ್ ನಂಬರು ಇರುವ ಚೀಟಿಯನ್ನು ಕನ್ನಡದಲ್ಲೇ ಬರೆದು ಜೇಬಿನಲ್ಲಿಡಿಸಿ. ಬಿದ್ದವರನ್ನು ಮೊದಲು ಎತ್ತುವವರು ಹೊಲದಲ್ಲಿರುವ ಜನ, ಅವರು ಓದುವಂತಿರಬೇಕು. ದಿನಕ್ಕೆ ಎರಡು ಹೊತ್ತು ಫೋನು, ಬೆಳಿಗ್ಗೆ ಹೊರಡುವಾಗ ಒಮ್ಮೆ, ಮಧ್ಯಾಹ್ನ ಬೈಕು ನಿಲ್ಲಿಸಿದಾಗ ಒಮ್ಮೆ. ನಡುವೆ ನೀವು ಕರೆ ಮಾಡಬೇಡಿ, ಓಡಿಸುತ್ತಲೇ ಫೋನು ತೆಗೆಯಲು ನೋಡುತ್ತಾರೆ.

ನನ್ನದು 1980ರ ದಶಕದ ಯೆಜ್ಡಿ. ಇದರಲ್ಲೇ ಹೋಗಬೇಕೆಂಬ ಛಲ. ಸಾಧ್ಯವೇ?
— ನಿವೃತ್ತ ಕೆ.ಎಸ್.ಆರ್.ಟಿ.ಸಿ. ಮೆಕ್ಯಾನಿಕ್, ಶಿವಮೊಗ್ಗ

ಕೈಯಲ್ಲಿ ಕಸಬಿರುವ ನಿಮಗೆ ಸಾಧ್ಯ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಹಳೆಯ ಬಿಡಿಭಾಗ ದಾರಿಯಲ್ಲಿ ಸಿಗುವುದಿಲ್ಲ. ಕ್ಲಚ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲು, ಪ್ಲಗ್ಗು, ಪಾಯಿಂಟು, ಟ್ಯೂಬು ಜೊತೆಗಿರಲಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ, ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಅದು ತಿನ್ನುತ್ತದೆ. ಹೊರಡುವ ಮುನ್ನ ಅವನ್ನೆಲ್ಲ ಬದಲಿಸಿ. ಟೂ-ಸ್ಟ್ರೋಕ್ ಆಯಿಲ್ ಮನೆಯಿಂದಲೇ ಒಯ್ಯಿರಿ. ಗಾಡಿಯ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಿಸಿದ್ದೀರಾ ನೋಡಿಕೊಳ್ಳಿ. 55 ದಾಟಿದವರಿಗೆ ಲೈಸೆನ್ಸನ್ನೂ ಒಂದು ಸಲಕ್ಕೆ ಐದೇ ವರ್ಷಕ್ಕೆ ಕೊಡುವುದು. ಅವಧಿ ಮುಗಿದಿದ್ದರೆ ಅಪಘಾತದ ವಿಮೆಯೂ ಕೈಕೊಡುತ್ತದೆ.

ನಾನು ನಿವೃತ್ತ ಸ್ಟಾಫ್ ನರ್ಸ್. ಸ್ಕೂಟರಿನಲ್ಲಿ ಒಬ್ಬಳೇ ಹೋಗಬಹುದೇ?
— ಓದುಗರು, ಹರಿಹರ

ಖಂಡಿತ ಹೋಗಬಹುದು ಅಕ್ಕ. ಈ ದಾರಿಗೆ ದೊಡ್ಡ ಬೈಕು ಬೇಕೇ ಇಲ್ಲ. ಸ್ಕೂಟರಿನ ಚಕ್ರ ಸಣ್ಣದಾದ್ದರಿಂದ ಹೊಂಡ, ಹಂಪು, ಹರವಿದ ಮೆಕ್ಕೆಜೋಳ ಕಂಡಲ್ಲಿ ಇನ್ನಷ್ಟು ನಿಧಾನವಾಗಿರಿ. ಟೆಂಟನ್ನು ಹೆಂಗಸರಿರುವ ಮನೆಯ ಅಂಗಳದಲ್ಲೇ ಹಾಕಿ. ಕೇಳುವಾಗ ಗಂಡಸರನ್ನಲ್ಲ, ಮನೆಯ ಹಿರಿಯಮ್ಮನನ್ನು ಕೇಳಿ. ನರ್ಸಮ್ಮ ಎಂದು ಗೊತ್ತಾದರೆ ಊರಿನವರು ಒಳಗೇ ಹಾಸಿಗೆ ಹಾಸುತ್ತಾರೆ. ಆಗ ಟೆಂಟು ಮಡಚಿಡಲು ಹಿಂಜರಿಯಬೇಡಿ.

ಕಳೆದ ವರ್ಷ ಸೊರಬದ ಕಡೆಯಿಂದ ಬಂದು ನಾಲ್ಕು ದಿನಕ್ಕೆ ಜ್ವರ ಬಂತು. ಮಾತ್ರೆಗೆ ಇಳಿಯಿತು. ಇಂಥದ್ದಕ್ಕೆ ಹೆದರಬೇಕೇ?
— ಓದುಗರು, ರಾಣೆಬೆನ್ನೂರು

ಮಾತ್ರೆಗೆ ಇಳಿಯಿತೆಂದು ಸುಮ್ಮನಾಗಬಾರದು. ಮಂಗನ ಕಾಯಿಲೆ ಉಣುಗು ಕಚ್ಚಿ ಸಾಮಾನ್ಯವಾಗಿ ಮೂರರಿಂದ ಎಂಟು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸೊಂಟ ಮತ್ತು ಮಾಂಸಖಂಡಗಳಲ್ಲಿ ತಡೆಯಲಾರದ ನೋವು ಅದರ ಲಕ್ಷಣ. ಕೆಲವರಿಗೆ ಒಮ್ಮೆ ಇಳಿದು ಒಂದೆರಡು ವಾರದ ಮೇಲೆ ಮತ್ತೆ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಮನೆಯವರು ಹೆದರಬೇಕಿಲ್ಲ. ಬೇಗ ಗೊತ್ತಾದರೆ ಆಸ್ಪತ್ರೆಯಲ್ಲಿ ನೋಡಿಕೊಳ್ಳಲು ಆಗುತ್ತದೆ. ಬಯಲುಸೀಮೆಯ ವೈದ್ಯರಿಗೆ ಈ ಕಾಯಿಲೆ ತಟ್ಟನೆ ಹೊಳೆಯದಿರಬಹುದು. ಆದ್ದರಿಂದ ತಿರುಗಾಟದಿಂದ ಮರಳಿದ ಎರಡು ವಾರದೊಳಗೆ ಜ್ವರ ಬಂದರೆ, ಸೊರಬದ ಕಾಡಂಚಿನಲ್ಲಿ ತಂಗಿದ್ದೆ ಎಂದು ನೀವಾಗಿಯೇ ವೈದ್ಯರಿಗೆ ಹೇಳಿ, ರಕ್ತಪರೀಕ್ಷೆಗೆ ಕೇಳಿ.