ಬರಿದು ಪೆಟ್ಟಿಗೆಯ ವ್ಯಾಜ್ಯ: ಒಂದು ಪ್ರಮಾಣವಿಚಾರ

ಕ್ರಯವಿಕ್ರಯಗಳು ಮಾನವ ಸಮಾಜದಷ್ಟೇ ಪುರಾತನವಾದುವು. ಸಂತೆಯಲ್ಲಿ ಮಾರುವವನೂ ಕೊಳ್ಳುವವನೂ ಎದುರುಬದುರಾಗಿ ನಿಲ್ಲುತ್ತಾರೆ. ಸರಕು ಇಬ್ಬರ ಕಣ್ಣಿಗೂ ಕಾಣುತ್ತದೆ. ಕೊಳ್ಳುವವನು ಮುಟ್ಟಿ, ತಿರುವಿ, ತೂಗಿ ನೋಡಿ ಹಣ ಕೊಡುತ್ತಾನೆ. ಅಲ್ಲಿ ವಾದ ಹುಟ್ಟಿದರೆ ಬೆಲೆಯ ಬಗೆಗೆ ಹುಟ್ಟೀತು, ಗುಣದ ಬಗೆಗೆ ಹುಟ್ಟೀತು; 'ಸರಕು ನನ್ನ ಕೈಗೆ ಬರಲೇ ಇಲ್ಲ' ಎಂಬ ವಾದಕ್ಕೆ ಎಡೆಯಿಲ್ಲ. ಆದರೆ ಮಾರುವವನು ಇಳಕಲ್ಲಿನಲ್ಲಿಯೂ ಕೊಳ್ಳುವವನು ದೆಹಲಿಯಲ್ಲಿಯೂ ಇದ್ದು, ನಡುವೆ ಮುಚ್ಚಿದ ಪೆಟ್ಟಿಗೆಯೊಂದು ಹತ್ತು ಕೈಗಳನ್ನು ದಾಟಿ ಹೋಗುವಾಗ ಈ ವಾದಕ್ಕೆ ಎಡೆ ದೊರೆಯುತ್ತದೆ.

ಅಂತರ್ಜಾಲದ ಮೂಲಕ ನಡೆಯುವ ವ್ಯಾಪಾರ ಇಂದು ಮನೆಮನೆಗೂ ಬಂದಿದೆ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕಗಳ ಮಾರಾಟದಿಂದ ಆರಂಭಗೊಂಡ ಫ್ಲಿಪ್‌ಕಾರ್ಟ್, 2013ರಲ್ಲಿ ಭಾರತದಲ್ಲಿ ಮಳಿಗೆ ತೆರೆದ ಅಮೆಜಾನ್, 2015ರಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪಿತವಾದ ಮೀಶೋ ಮೊದಲಾದ ಮಾರುಕಟ್ಟೆಗಳಲ್ಲಿ ನೇಕಾರರು, ಗೊಂಬೆ ಮಾಡುವವರು, ಸಣ್ಣ ಅಂಗಡಿಕಾರರು ತಮ್ಮ ಸರಕನ್ನು ದೂರದ ಊರುಗಳಿಗೆ ಮಾರುತ್ತಿದ್ದಾರೆ. ಇವರನ್ನು ಕಾಡುವ ತೊಂದರೆಗಳಲ್ಲಿ ಒಂದು, ಸರಕನ್ನು ಪಡೆದುಕೊಂಡ ಮೇಲೂ 'ಪೆಟ್ಟಿಗೆ ಬರಿದಾಗಿತ್ತು' ಎಂದು ಹೇಳಿ ಹಣವನ್ನು ಹಿಂದಕ್ಕೆ ಪಡೆಯುವ ಮೋಸ. ಇದರ ಸ್ವರೂಪವೇನು, ಇದನ್ನು ಯಾವ ಪ್ರಮಾಣಗಳಿಂದ ಎದುರಿಸಬಹುದು ಎಂಬುದೇ ಈ ಲೇಖನದ ವಿಷಯ.

ವ್ಯಾಜ್ಯದ ಸ್ವರೂಪ

ಮೊದಲು ನಷ್ಟದ ಲೆಕ್ಕವನ್ನು ನೋಡಬೇಕು. ಒಬ್ಬ ವ್ಯಾಪಾರಿ ಒಂದು ಸೀರೆಯನ್ನು 1,250 ರೂಪಾಯಿಗೆ ಕೊಂಡು 1,500 ರೂಪಾಯಿಗೆ ಮಾರುತ್ತಾನೆಂದು ಇಟ್ಟುಕೊಳ್ಳೋಣ. ಮಾರುಕಟ್ಟೆಯ ಶುಲ್ಕ, ಸಾಗಣೆ, ಪೆಟ್ಟಿಗೆ ಎಲ್ಲ ಸೇರಿ 130 ರೂಪಾಯಿ ವೆಚ್ಚವಾದರೆ ಅವನಿಗೆ ಉಳಿಯುವುದು 120 ರೂಪಾಯಿ. ಕೊಂಡವನು ಪೆಟ್ಟಿಗೆ ಬರಿದೆಂದು ಹೇಳಿ ಪೂರ್ಣ ಹಣವನ್ನು ಮರಳಿ ಪಡೆದನೆಂದರೆ ವ್ಯಾಪಾರಿ ಕಳೆದುಕೊಳ್ಳುವುದು ಬರಿಯ ಲಾಭವನ್ನಲ್ಲ. ಸೀರೆಯ ಅಸಲು 1,250 ಹಾಗೂ ವೆಚ್ಚ 130, ಒಟ್ಟು 1,380 ರೂಪಾಯಿ ಹೋಯಿತು. ಇದನ್ನು ತುಂಬಿಕೊಳ್ಳಲು ಇನ್ನು ಹನ್ನೆರಡು ಸೀರೆಗಳನ್ನು ಮಾರಬೇಕು. ದೊಡ್ಡ ಸಂಸ್ಥೆಗೆ ಇದು ಲೆಕ್ಕದ ಪುಸ್ತಕದ ಒಂದು ಸಾಲು. ಎರಡು ಮಗ್ಗಗಳನ್ನು ನಂಬಿ ಬದುಕುವ ಮನೆಗೆ ಇದು ಒಂದು ವಾರದ ಅನ್ನ.

ಇಂತಹ ಮೋಸ ಒಮ್ಮೊಮ್ಮೆ ಉದ್ಯೋಗವಾಗಿಯೂ ಬೆಳೆದಿದೆ. 2017ರಲ್ಲಿ ದೆಹಲಿಯ ಪೋಲೀಸರು ಒಬ್ಬ ತರುಣನನ್ನು ಬಂಧಿಸಿದರು. ಅವನು ಅಮೆಜಾನ್ ಮೂಲಕ 166 ಬೆಲೆಬಾಳುವ ಮೊಬೈಲ್ ಫೋನುಗಳನ್ನು ತರಿಸಿಕೊಂಡು, ಪ್ರತಿ ಸಲವೂ ಪೆಟ್ಟಿಗೆ ಬರಿದಾಗಿತ್ತೆಂದು ದೂರಿ, ಸುಮಾರು 50 ಲಕ್ಷ ರೂಪಾಯಿಗಳನ್ನು ಮರಳಿ ಪಡೆದನೆಂಬುದು ಆರೋಪ. ಒಬ್ಬನೇ ಎಂಬುದು ತಿಳಿಯದಿರಲೆಂದು ಬೇರೆ ಬೇರೆ ಹೆಸರುಗಳನ್ನೂ 141 ಸಿಮ್ ಕಾರ್ಡುಗಳನ್ನೂ ಬಳಸಿದನೆಂದು ಪೋಲೀಸರು ತಿಳಿಸಿದರು.

ಇನ್ನು ತರ್ಕದ ದೃಷ್ಟಿಯಿಂದ ನೋಡಿದರೆ, ಪೆಟ್ಟಿಗೆ ಬರಿದಾಗಿದೆ ಎಂಬುದಕ್ಕೆ ನಾಲ್ಕು ಕಾರಣಗಳು ಇರಬಹುದು. ಮಾರಿದವನು ಸರಕನ್ನು ಇಡದೆ ಕಳುಹಿಸಿರಬಹುದು. ದಾರಿಯಲ್ಲಿ ಸಾಗಿಸುವವರ ಪೈಕಿ ಯಾರೋ ತೆಗೆದಿರಬಹುದು. ಕೊಂಡವನ ಮನೆಯ ಬಾಗಿಲಲ್ಲಿ ಪೆಟ್ಟಿಗೆಯನ್ನು ಪಡೆದ ಮೂರನೆಯವರು ತೆಗೆದಿರಬಹುದು. ಅಥವಾ ಕೊಂಡವನೇ ಸುಳ್ಳಾಡುತ್ತಿರಬಹುದು. ಬರಿದಾದ ಪೆಟ್ಟಿಗೆಯ ಛಾಯಾಚಿತ್ರ ಈ ನಾಲ್ಕು ಪಕ್ಷಗಳಿಗೂ ಸಮಾನವಾಗಿ ಹೊಂದುತ್ತದೆ. ಎಲ್ಲ ಪಕ್ಷಗಳಿಗೂ ಹೊಂದುವ ಹೇತುವನ್ನು ತರ್ಕಶಾಸ್ತ್ರ ಅನೈಕಾಂತಿಕ ಎಂದು ಕರೆಯುತ್ತದೆ. ಅದರಿಂದ ಯಾವುದೊಂದು ಪಕ್ಷವೂ ಸಿದ್ಧವಾಗದು. ಆದುದರಿಂದ ಬೇರೆ ಪ್ರಮಾಣಗಳನ್ನು ಅರಸಬೇಕಾಗುತ್ತದೆ.

ಪ್ರಾಚೀನರ ವಿಚಾರ

ಮುಚ್ಚಿದ ಪೆಟ್ಟಿಗೆಯ ಪ್ರಶ್ನೆ ಇಂದಿನದಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯ ಇದನ್ನು ವಿಚಾರಿಸಿದೆ. ಅದಕ್ಕೆ ಮಿತಾಕ್ಷರಾ ಎಂಬ ಪ್ರಖ್ಯಾತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಒಳಗಿರುವ ವಸ್ತು ಇಂಥದೆಂದು ಹೇಳದೆ, ಎಣಿಸಿ ತೋರಿಸದೆ, ಮುದ್ರೆಯೊತ್ತಿ ಒಬ್ಬನ ವಶಕ್ಕೆ ಕೊಟ್ಟುದು ಔಪನಿಧಿಕ. ಅದನ್ನು ಕೊಟ್ಟಂತೆಯೇ ಹಿಂದಿರುಗಿಸತಕ್ಕದ್ದು. ಎಣಿಸಿ ತೋರಿಸಿ ಕೊಟ್ಟುದು ನಿಕ್ಷೇಪ. ಒಬ್ಬನ ಕೈಗೆ ಬಂದುದನ್ನು ಅವನು ಮತ್ತೊಬ್ಬನ ಕೈಗೆ ಒಪ್ಪಿಸಿ ಒಡೆಯನಿಗೆ ಮುಟ್ಟಿಸುವಂತೆ ಹೇಳಿದುದು ಅನ್ವಾಹಿತ. ಇಂದಿನ ಕೊರಿಯರ್ ಪೆಟ್ಟಿಗೆ ಕೈಯಿಂದ ಕೈಗೆ ಸಾಗುವುದರಿಂದ ಅನ್ವಾಹಿತವನ್ನೂ, ಒಳಗಿನದು ಸಾಗಿಸುವವನಿಗೆ ತಿಳಿಯದಿರುವುದರಿಂದ ಔಪನಿಧಿಕವನ್ನೂ ಹೋಲುತ್ತದೆ. ಅದನ್ನು ಎಣಿಸಿ ತೋರಿಸಿದ ನಿಕ್ಷೇಪದ ಮಟ್ಟಕ್ಕೆ ತರುವುದೇ ಮಾರುವವನ ಜಾಣ್ಮೆ.

ಕೊಂಡ ಸರಕನ್ನು ಪರೀಕ್ಷಿಸಲು ಕೊಳ್ಳುವವನಿಗೆ ಕಾಲಾವಕಾಶವಿರಬೇಕೆಂಬ ತತ್ತ್ವವೂ ಹಳೆಯದೇ. ಯಾಜ್ಞವಲ್ಕ್ಯನು ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಹೊರೆ ಹೊರುವ ಪ್ರಾಣಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸುವಿಗೆ 3 ದಿನ ಎಂದು ಅವಧಿಗಳನ್ನು ಹೇಳಿದ್ದಾನೆ. ವಸ್ತುವಿನ ಸ್ವಭಾವ ತಿಳಿಯಲು ಎಷ್ಟು ಕಾಲ ಬೇಕೋ ಅಷ್ಟು ಅವಕಾಶ ಎಂಬುದು ಇದರ ಭಾವ. ಪೆಟ್ಟಿಗೆ ಬರಿದಾಗಿದೆಯೆಂದು ತಿಳಿಯಲು ಎಷ್ಟು ಕಾಲ ಬೇಕು? ತೆರೆದ ಕ್ಷಣವೇ ಸಾಕು. ಆದುದರಿಂದ ವಾರ ಕಳೆದ ಮೇಲೆ ಬಂದ ಬರಿದು ಪೆಟ್ಟಿಗೆಯ ದೂರನ್ನು, ಅಂದೇ ಬಂದ ದೂರಿಗಿಂತ ಹೆಚ್ಚು ಎಚ್ಚರದಿಂದ ಪರಿಶೀಲಿಸುವುದು ನ್ಯಾಯ.

ವ್ಯಾಜ್ಯದಲ್ಲಿ ಪ್ರಮಾಣಗಳು ಮೂರೆಂದು ಅದೇ ಸ್ಮೃತಿ ಹೇಳುತ್ತದೆ: ಲಿಖಿತ, ಭುಕ್ತಿ, ಸಾಕ್ಷಿ. ಬರಹ, ಅನುಭೋಗ, ಕಂಡವರ ಮಾತು ಎಂದು ಇವುಗಳ ಅರ್ಥ. ಈ ಮೂರನ್ನೇ ಆಧಾರವಾಗಿಟ್ಟುಕೊಂಡು ಇಂದಿನ ವ್ಯಾಜ್ಯವನ್ನು ಪರಿಶೀಲಿಸಬಹುದು.

ಲಿಖಿತ

ಬರಹದ ಪ್ರಮಾಣಗಳಲ್ಲಿ ತೂಕದ ದಾಖಲೆ ಮುಖ್ಯವಾದುದು. ಹಿಂದೆ ಅಂಚೆ ಕಛೇರಿಯಲ್ಲಿ ವಿಮೆ ಮಾಡಿಸಿದ ಪಾರ್ಸೆಲ್ಲಿಗೆ ಅರಗಿನ ಮುದ್ರೆ ಒತ್ತಿಸಿ, ತೂಕವನ್ನು ಬರೆಯಿಸುತ್ತಿದ್ದುದು ಇದಕ್ಕಾಗಿಯೇ. ಸೀರೆ 600 ಗ್ರಾಂ, ಪೆಟ್ಟಿಗೆ 200 ಗ್ರಾಂ ಇದ್ದರೆ ಕಟ್ಟಿದ ಪೆಟ್ಟಿಗೆ 800 ಗ್ರಾಂ ತೂಗಬೇಕು. ಸಾಗಣೆಯ ಕೊನೆಯ ಕೇಂದ್ರದ ತಕ್ಕಡಿಯಲ್ಲಿಯೂ 800 ಗ್ರಾಂ ದಾಖಲಾಗಿದ್ದರೆ ಮಾರಿದವನು ಬರಿದು ಪೆಟ್ಟಿಗೆಯನ್ನು ಕಳುಹಿಸಿದನೆಂಬ ಪಕ್ಷ ದುರ್ಬಲವಾಗುತ್ತದೆ. ಅಲ್ಲಿಯವರೆಗಿನ ದಾರಿಯ ಕಳವಿನ ಸಂಶಯವೂ ಬಹುಮಟ್ಟಿಗೆ ನೀಗುತ್ತದೆ. ನಡುವಿನ ಒಂದು ಕೇಂದ್ರದಲ್ಲಿ ತೂಕ 200 ಗ್ರಾಮಿಗೆ ಇಳಿದಿದ್ದರೆ ಕಳವು ನಡೆದ ಸ್ಥಳವೇ ಗೊತ್ತಾಗುತ್ತದೆ.

ಇಲ್ಲಿ ಎರಡು ಎಚ್ಚರಗಳು ಅಗತ್ಯ. ಸಾಗಣೆಯವರು ನಿಜವಾದ ತೂಕವನ್ನಲ್ಲದೆ, ಪೆಟ್ಟಿಗೆಯ ಉದ್ದ ಅಗಲ ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ, ಗಾತ್ರದ ತೂಕವೆಂಬ ಇನ್ನೊಂದು ಲೆಕ್ಕವನ್ನೂ ಮಾಡುತ್ತಾರೆ. ಎರಡರಲ್ಲಿ ಹೆಚ್ಚಿನದಕ್ಕೆ ಬಾಡಿಗೆ ಕಟ್ಟುತ್ತಾರೆ. ಬಿಲ್ಲಿನಲ್ಲಿ ಕಾಣುವುದು ಗಾತ್ರದ ತೂಕವಾಗಿದ್ದರೆ ಅದು ಒಳಗಿನ ಸರಕಿಗೆ ಪ್ರಮಾಣವಾಗದು. ಬರಿದು ಪೆಟ್ಟಿಗೆಗೂ ಅದೇ ಗಾತ್ರ. ಎರಡನೆಯದಾಗಿ, ಸರಕನ್ನು ತೆಗೆದು ಅಷ್ಟೇ ತೂಕದ ಕಲ್ಲನ್ನೋ ಸೋಪನ್ನೋ ಇಡುವ ಕಳ್ಳರೂ ಉಂಟು. ಉಂಗುರದಂತಹ ಹಗುರವಾದ ವಸ್ತುವಿನ ತೂಕ ದೊಡ್ಡ ತಕ್ಕಡಿಗೆ ಗೋಚರವಾಗುವುದೇ ಇಲ್ಲ. ಆದುದರಿಂದ ತೂಕವು ಬಲವಾದ ಪ್ರಮಾಣವೇ ಹೊರತು ಪೂರ್ಣವಾದ ಪ್ರಮಾಣವಲ್ಲ.

ಕೊಂಡವನ ಮೊಬೈಲಿಗೆ ಬರುವ ಗುಪ್ತ ಸಂಖ್ಯೆಯನ್ನು, ಅಂದರೆ ಒ.ಟಿ.ಪಿ.ಯನ್ನು, ಪಡೆದು ಪೆಟ್ಟಿಗೆಯನ್ನು ಒಪ್ಪಿಸುವ ಕ್ರಮವೂ ಲಿಖಿತದಲ್ಲಿಯೇ ಸೇರುತ್ತದೆ. ಆದರೆ ಅದು ಪೆಟ್ಟಿಗೆ ತಲಪಿತೆಂಬುದನ್ನು ಮಾತ್ರ ಸಾಧಿಸುತ್ತದೆ, ಒಳಗೆ ಸರಕಿತ್ತೆಂಬುದನ್ನಲ್ಲ. ಈ ಭೇದವನ್ನು ಮರೆತು 'ಒ.ಟಿ.ಪಿ. ಕೊಟ್ಟಿದ್ದಾರೆ, ಆದುದರಿಂದ ಸರಕು ಮುಟ್ಟಿದೆ' ಎಂದು ವಾದಿಸುವ ವ್ಯಾಪಾರಿಗಳು ಸೋಲುತ್ತಾರೆ.

ಸಾಕ್ಷಿ

ಕಣ್ಣಾರೆ ಕಂಡವನೇ ಸಾಕ್ಷಿ. ಪೆಟ್ಟಿಗೆ ಕಟ್ಟುವಾಗ ಕಂಡವರು ವ್ಯಾಪಾರಿಯ ಮನೆಯವರೇ ಆಗಿದ್ದರೆ ಅವರ ಮಾತಿಗೆ ಬೆಲೆ ಕಡಿಮೆ. ಆ ಕೊರತೆಯನ್ನು ಇಂದು ವಿಡಿಯೊ ತುಂಬಿಕೊಡುತ್ತದೆ. ಅದು ಪ್ರಯೋಜನಕ್ಕೆ ಬರಬೇಕಾದರೆ ನಡುವೆ ಎಲ್ಲಿಯೂ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆದಿರಬೇಕು. ಸರಕು, ಅದರ ಮೇಲಿನ ಸಂಖ್ಯೆ, ಪೆಟ್ಟಿಗೆಯೊಳಗೆ ಇಡುವುದು, ಅಂಟುಪಟ್ಟಿ ಹಾಕುವುದು, ವಿಳಾಸದ ಚೀಟಿ, ತಕ್ಕಡಿಯ ಅಂಕಿ ಇವೆಲ್ಲವೂ ಅದೇ ಓಟದಲ್ಲಿ ಕಾಣಬೇಕು. ಚೀಟಿ ಕಾಣದ ವಿಡಿಯೊ ಯಾವ ಪೆಟ್ಟಿಗೆಯದಾದರೂ ಆಗಬಹುದು. ಮರಳಿ ಬಂದ ಪೆಟ್ಟಿಗೆಯನ್ನು ತೆರೆಯುವಾಗಲೂ ಇದೇ ಕ್ರಮವನ್ನು ಅನುಸರಿಸಬೇಕು. ತೆಗೆದರೆ ಹರಿದುಹೋಗುವ, ಅಥವಾ ಗುರುತು ಉಳಿಸುವ ಅಂಟುಪಟ್ಟಿ ಹಿಂದಿನ ಅರಗಿನ ಮುದ್ರೆಯ ಕೆಲಸವನ್ನು ಮಾಡುತ್ತದೆ.

ಇದಕ್ಕಿಂತಲೂ ಮಿಗಿಲಾದ ಉಪಾಯ, ಕೊಂಡವನ ಎದುರಿನಲ್ಲಿಯೇ ಪೆಟ್ಟಿಗೆಯನ್ನು ತೆರೆದು ತೋರಿಸಿ ಒಪ್ಪಿಸುವುದು. ಮುದ್ರೆ ಕೆಟ್ಟಂತೆ ತೋರುವ ಸರಕನ್ನು ತೆರೆದು ಒಪ್ಪಿಸಬೇಕೆಂದು ಕೇಳುವ ಹಕ್ಕನ್ನು 1989ರ ರೈಲ್ವೆ ಕಾಯಿದೆ ಕೊಟ್ಟಿದೆ. ಫ್ಲಿಪ್‌ಕಾರ್ಟಿನಂತಹ ಮಾರುಕಟ್ಟೆಗಳು ಕೆಲವು ಬೆಲೆಬಾಳುವ ಸರಕುಗಳಿಗೆ ಇದೇ ಪದ್ಧತಿಯನ್ನು ತಂದಿವೆ. ಇಲ್ಲಿ ಸರಕನ್ನು ನೋಡಿದ ಮೇಲೆ ಒ.ಟಿ.ಪಿ. ಕೊಡುವುದರಿಂದ, ಮೇಲೆ ಹೇಳಿದ ಕೊರತೆ ನೀಗಿ ಆ ಸಂಖ್ಯೆ ಪೂರ್ಣ ಪ್ರಮಾಣಕ್ಕೆ ಹತ್ತಿರವಾಗುತ್ತದೆ.

ಭುಕ್ತಿ

ತನಗೆ ಬರಲಿಲ್ಲವೆಂದ ವಸ್ತುವನ್ನು ಒಬ್ಬನು ಬಳಸುತ್ತಿದ್ದರೆ ಅದಕ್ಕಿಂತ ದೊಡ್ಡ ಪ್ರಮಾಣ ಮತ್ತೊಂದಿಲ್ಲ. ಮೊಬೈಲ್ ಫೋನಿಗೆ 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆಯಿರುತ್ತದೆ. ಫೋನಿಗೆ ಸಿಮ್ ಹಾಕಿ ಬಳಸತೊಡಗಿದಾಗ ಈ ಸಂಖ್ಯೆ ದೂರವಾಣಿ ಸಂಸ್ಥೆಯ ಜಾಲಕ್ಕೆ ತಿಳಿಯುತ್ತದೆ. ಬಿಲ್ಲಿನಲ್ಲಿ ಆ ಸಂಖ್ಯೆಯನ್ನು ಬರೆದಿದ್ದರೆ, ಫೋನು ಯಾರ ಕೈಯಲ್ಲಿದೆಯೆಂಬುದನ್ನು ಪೋಲೀಸರು ಕಂಡುಹಿಡಿಯಲು ಸಾಧ್ಯ. ವ್ಯಾಪಾರಿ ತಾನೇ ಇದನ್ನು ತಿಳಿಯಲಾರನು. ಸಂಖ್ಯೆಯನ್ನು ಬರೆದಿಡುವುದಷ್ಟೇ ಅವನ ಕೆಲಸ. ಸೀರೆಗೆ, ಗೊಂಬೆಗೆ ಇಂತಹ ಸಂಖ್ಯೆಯಿಲ್ಲವಾದ್ದರಿಂದ ಅವುಗಳನ್ನು ಮಾರುವವರು ಲಿಖಿತ ಸಾಕ್ಷಿಗಳನ್ನೇ ಹೆಚ್ಚಾಗಿ ನೆಚ್ಚಬೇಕು.

ಇಂದಿನ ಕಾನೂನು

1930ರ ಸರಕು ಮಾರಾಟ ಕಾಯಿದೆಯ 39ನೆಯ ಕಲಮಿನ ಪ್ರಕಾರ, ಒಪ್ಪಂದದಂತೆ ಸರಕನ್ನು ಸಾಗಿಸುವವನಿಗೆ ಒಪ್ಪಿಸಿದರೆ, ಮೇಲುನೋಟಕ್ಕೆ ಅದು ಕೊಂಡವನಿಗೇ ಒಪ್ಪಿಸಿದಂತೆ. ಆದರೆ ಮಾರುಕಟ್ಟೆಯ ಸಂಸ್ಥೆಯೊಡನೆ ವ್ಯಾಪಾರಿ ಮಾಡಿಕೊಂಡ ಕರಾರು ಬೇರೆ ವಿಧವಾಗಿರಬಹುದು. ಹಣ ಸಂಸ್ಥೆಯ ಕೈಯಲ್ಲಿ ಇರುವುದರಿಂದ ಮೊದಲು ನಡೆಯುವುದು ಆ ಕರಾರೇ. ಇದರಿಂದ ಪರಿಹಾರ ಕೋರುವ ಅರ್ಜಿಯನ್ನು ಸಂಸ್ಥೆ ಗೊತ್ತುಪಡಿಸಿದ ಅವಧಿಯೊಳಗೆ, ಮೇಲ್ಕಂಡ ಪ್ರಮಾಣಗಳೊಡನೆ ಸಲ್ಲಿಸಬೇಕು. ಅವಧಿ ಮೀರಿದ ಸತ್ಯಕ್ಕೆ ಅಲ್ಲಿ ಬೆಲೆಯಿಲ್ಲ.

ಸುಳ್ಳು ಹೇಳಿ ಹಣ ಪಡೆಯುವುದು ವಂಚನೆಯೆಂಬ ಅಪರಾಧವೂ ಹೌದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಲ್ಲಿ, ವಂಚಿಸಿ ಸ್ವತ್ತನ್ನು ಪಡೆದುಕೊಂಡವನಿಗೆ ಏಳು ವರ್ಷಗಳವರೆಗೆ ಸೆರೆವಾಸವನ್ನೂ ದಂಡವನ್ನೂ ವಿಧಿಸಬಹುದು. ಅಂದಿನಿಂದಲೇ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ವಿಡಿಯೊ ಮೊದಲಾದ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ನಿಗದಿತ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಆದುದರಿಂದ ಮೂಲ ವಿಡಿಯೊವನ್ನು ಅಳಿಸದೆ ಕಾಪಾಡುವುದು ಲೇಸು. ಕೋಪದಿಂದ ಕೊಂಡವನ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಬಹಿರಂಗಪಡಿಸುವುದು ಮಾತ್ರ ಸಲ್ಲದು. ವಂಚನೆಗೊಳಗಾದವನೇ ಅದರಿಂದ ತಪ್ಪಿತಸ್ಥನಾಗುವನು.

ಸತ್ಯವಂತ ಗ್ರಾಹಕನ ಪಕ್ಷ

ಇಷ್ಟನ್ನೂ ಹೇಳಿದ ಮೇಲೆ ಇನ್ನೊಂದು ಪಕ್ಷವನ್ನು ನೋಡದಿದ್ದರೆ ವಿಚಾರ ಅಪೂರ್ಣವಾದೀತು. 2022ರ ದೀಪಾವಳಿಯ ಸಮಯದಲ್ಲಿ ಮಂಗಳೂರಿನ ಗ್ರಾಹಕರೊಬ್ಬರು ಲ್ಯಾಪ್‌ಟಾಪ್ ತರಿಸಿದಾಗ ಪೆಟ್ಟಿಗೆಯಲ್ಲಿ ದೊರೆತುದು ಕಲ್ಲು ಮತ್ತು ವಿದ್ಯುನ್ಮಾನ ಕಸ. ಅವರು ಕೊಟ್ಟ ಹಣವನ್ನು ಅನಂತರ ಮರಳಿಸಲಾಯಿತು. ಹೀಗೆ ನಿಜವಾಗಿಯೂ ಮೋಸಹೋದವರು ಇದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ 2020ರ ಇ-ವಾಣಿಜ್ಯ ನಿಯಮಗಳೂ ಇಂಥವರ ರಕ್ಷಣೆಗಾಗಿಯೇ ಇವೆ. ಗ್ರಾಹಕನ ದೂರು ತಲಪಿದ 48 ಗಂಟೆಗಳೊಳಗೆ ಅದನ್ನು ಸ್ವೀಕರಿಸಿದುದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ಈ ನಿಯಮಗಳು ವಿಧಿಸಿವೆ. 1915 ಎಂಬ ಸಂಖ್ಯೆಗೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿಯೂ ದೂರು ಸಲ್ಲಿಸಬಹುದು. ಕೊಳ್ಳುವವರೂ ಬೆಲೆಬಾಳುವ ಪೆಟ್ಟಿಗೆಯನ್ನು ತೆರೆಯುವಾಗ ಆರು ಮುಖಗಳನ್ನೂ ಚೀಟಿಯನ್ನೂ ತೋರಿಸಿ ವಿಡಿಯೊ ತೆಗೆದಿಟ್ಟುಕೊಂಡರೆ, ತಮ್ಮ ಸತ್ಯಕ್ಕೆ ತಾವೇ ಸಾಕ್ಷಿಯನ್ನು ಒದಗಿಸಿಕೊಂಡಂತೆ.

ಬರಿದು ಪೆಟ್ಟಿಗೆಯ ಸುಳ್ಳು ದೂರಿನಿಂದ ಆಗುವ ದೊಡ್ಡ ಹಾನಿ ಇಲ್ಲಿಯೇ ಇದೆ. ಹತ್ತು ಸಲ ಸುಳ್ಳು ದೂರು ಕೇಳಿದ ವ್ಯಾಪಾರಿ ಹನ್ನೊಂದನೆಯ ಸಲ ಬಂದ ಸತ್ಯವಂತನನ್ನೂ ಕಳ್ಳನೆಂದೇ ಕಾಣುತ್ತಾನೆ. ಬಾಗಿಲಿಗೆ ಪೆಟ್ಟಿಗೆ ತರುವ ಬಡ ಹುಡುಗನ ಮೇಲೂ ಅನುಮಾನ ಬೀಳುತ್ತದೆ. ವಿಚಾರಣೆ ಮುಗಿಯುವ ಮೊದಲೇ ಅವನು ಕೆಲಸ ಕಳೆದುಕೊಂಡಾನು. ಒಂದು ಸೀರೆಯನ್ನು ಕದ್ದವನು ಮೂವರ ಮಾನವನ್ನೂ ಕದ್ದಂತಾಯಿತು.

ಉಪಸಂಹಾರ

ಮೇಲಿನ ವಿಚಾರದಿಂದ ತಿಳಿಯುವುದಿಷ್ಟು: ಬರಿದಾದ ಪೆಟ್ಟಿಗೆ ತಾನಾಗಿ ಯಾರ ದೋಷವನ್ನೂ ಸಾರದು. ತೂಕದ ಲಿಖಿತ, ಅಖಂಡವಾದ ವಿಡಿಯೊದ ಸಾಕ್ಷಿ, ಸಂಖ್ಯೆಯಿಂದ ತಿಳಿಯುವ ಭುಕ್ತಿ ಇವು ಒಂದಕ್ಕೊಂದು ಸೇರಿದಾಗ ಸತ್ಯ ನಿಶ್ಚಯವಾಗುತ್ತದೆ. ಇವು ಮೂರೂ ಇಲ್ಲದೆಡೆ ಹಿಂದಿನವರು ದಿವ್ಯವನ್ನು ಆಶ್ರಯಿಸುತ್ತಿದ್ದರು. ಇಂದು ದಿವ್ಯವಿಲ್ಲ, ಪ್ರಮಾಣವಿಲ್ಲದವನು ಸತ್ಯವಂತನಾದರೂ ಸೋಲುತ್ತಾನೆ. ಆದುದರಿಂದ ಪ್ರಮಾಣವನ್ನು ವ್ಯಾಜ್ಯ ಹುಟ್ಟಿದ ಮೇಲೆ ಹುಡುಕುವುದಲ್ಲ, ಪೆಟ್ಟಿಗೆ ಕಟ್ಟುವಾಗಲೇ ಸಿದ್ಧಪಡಿಸಬೇಕು. ನಾಳೆ ಅಂಗಡಿಯಿಡುವ ವಿದ್ಯಾರ್ಥಿಗಳೂ, ನಾಳೆ ಕೊಳ್ಳುವ ವಿದ್ಯಾರ್ಥಿಗಳೂ ಇದನ್ನು ಅರಿತಿರುವುದು ಒಳಿತು. ಯಾವ ವಿಡಿಯೊವೂ ಇಲ್ಲದ ಕಡೆಯಲ್ಲಿ ಕೂಡ 'ಸೀರೆ ಬಂದಿದೆ, ಚೆನ್ನಾಗಿದೆ' ಎಂದು ನಿಜವನ್ನು ಹೇಳುವ ಕೊಳ್ಳುವವರು ಹೆಚ್ಚು ಮಂದಿ ಇರುವುದರಿಂದಲೇ ಈ ವ್ಯಾಪಾರ ಇಂದಿಗೂ ನಡೆಯುತ್ತಿದೆ ಎಂಬುದನ್ನೂ ಅವರು ಮರೆಯಬಾರದು.